ರಕ್ತದಲ್ಲಿ ಕಾಣದ ಗುರುತು

"ಇನ್ನು ಸಾಯೋತನಕ ಯಾರ ಹತ್ರಾನೂ ನಿನ್ನ ಮೇಲೆ ಚಾಡಿ ಹೇಳಲ್ಲ ಕಣೇ ಅಕ್ಕ."

ಮೊಂಡಿ ಈ ಮಾತು ಕೊಟ್ಟಾಗ ಅವಳ ಹಾಲುಹಲ್ಲು ಇನ್ನೂ ಬಿದ್ದಿರಲಿಲ್ಲ. ಅಪ್ಪನ ಹೊಲಿಗೆ ಅಂಗಡಿಯಲ್ಲಿ ಬಟ್ಟೆಯಂಚನ್ನು ಹಲ್ಲುಹಲ್ಲಾಗಿ ಕತ್ತರಿಸುವ ಹೊಸ ಜಿಗ್‌ಜಾಗ್ ಕತ್ತರಿಯಲ್ಲಿ ಅಕ್ಕ ತಂತಿ ಕತ್ತರಿಸಲು ಹೋಗಿ ಅದರ ಒಂದು ಹಲ್ಲು ಮುರಿದಿದ್ದಳು. ತಂಗಿ ಓಡಿಹೋಗಿ ಅಪ್ಪನ ಕಿವಿಗೆ ಊದಿದ್ದಳು. ಅಂಗೈ ಮೇಲೆ ಅಳತೆಕೋಲಿನ ಬಾಸುಂಡೆ ಎದ್ದರೂ ಅಕ್ಕ ಅಳಲಿಲ್ಲ. ಅಕ್ಕ ಅಳಲಿಲ್ಲವೆಂದೇ ತಂಗಿ ಬಿಕ್ಕಿಬಿಕ್ಕಿ ಅತ್ತಳು. ಅತ್ತು, ಆ ಬಾಸುಂಡೆಯ ಮೇಲೆ ಕೈಯಿಟ್ಟು ಮಾತು ಕೊಟ್ಟಳು.

ಈಗ ಮೊಂಡಿ ಇನ್ಸ್‌ಪೆಕ್ಟರ್. ಅಕ್ಕನನ್ನು ಬಿಟ್ಟರೆ ಆ ಹೆಸರಿನಿಂದ ಕರೆಯುವ ಧೈರ್ಯ ಇನ್ನಾರಿಗೂ ಇಲ್ಲ. ಅವಳೆದುರಿಗೆ, ಆಸ್ಪತ್ರೆಯ ಲ್ಯಾಬಿನ ಬಿಳಿ ಮೇಜಿನ ಮೇಲೆ, ಸತ್ತವಳ ಪರ್ಸಿನ ಅಸ್ತರಿನಿಂದ ಹೊರತೆಗೆದ ಮಾತ್ರೆ ಪಟ್ಟಿಯ ಒಂದು ತುಂಡು ಬಿದ್ದಿತ್ತು. ಯಾರೋ ಇಡೀ ಪಟ್ಟಿಯನ್ನು ಹಂಚಲೆಂದು ಕತ್ತರಿಸಿದ್ದರು. ಅಂಚು ಹಲ್ಲುಹಲ್ಲಾಗಿತ್ತು.

ಹಲ್ಲಿನ ಆ ಸಾಲಿನಲ್ಲಿ ಒಂದು ಕಡೆ ಒಂದು ಹಲ್ಲು ಇರಲಿಲ್ಲ.

ಇನ್ಸ್‌ಪೆಕ್ಟರ್ ಆ ಅಂಚನ್ನು ಇನ್ನೊಮ್ಮೆ ನೋಡಿದಳು. ಮುಖದ ಮೇಲೆ ಏನನ್ನೂ ಬರಗೊಡಲಿಲ್ಲ.

"ಅರೆದು ನೋಡಿದೆ," ಎಂದರು ಲ್ಯಾಬಿನ ಮುಖ್ಯಸ್ಥೆ. ಎಲ್ಲರೂ ಅವರನ್ನು ಲ್ಯಾಬ್ ಮೇಡಂ ಎನ್ನುತ್ತಿದ್ದರು. "ವಿಷ ಅಲ್ಲ, ನಿದ್ದೆ ಮಾತ್ರೆ ಅಲ್ಲ. ಇದು ಕೂದಲಿಗೆ ತಗೊಳ್ಳೋ ವಿಟಮಿನ್."

ಬಾಗಿಲ ಬಳಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಟೋಪಿ ತೆಗೆದು ಬೋಳುತಲೆ ಸವರಿಕೊಂಡರು. "ಕೇಸು ಮುಗಿದ ಮೇಲೆ ನನಗೊಂದು ಪಟ್ಟಿ ಕೊಡಿಸಿ ಮೇಡಂ. ಸಾಕ್ಷಿ ಅಂತ ತಲೆ ಮೇಲೇ ಇಟ್ಕೋತೀನಿ."

"ನಿಮ್ಮ ತಲೆಗೆ ವಿಟಮಿನ್ ಸಾಲಲ್ಲ, ಗಾರೆಯವರನ್ನ ಕರೀಬೇಕು. ಸ್ವಲ್ಪ ಸುಮ್ನಿರ್ರೀ," ಎಂದು ಇನ್ಸ್‌ಪೆಕ್ಟರ್ ಲ್ಯಾಬ್ ಮೇಡಂ ಕಡೆ ತಿರುಗಿದಳು. "ಕೂದಲಿನ ಮಾತ್ರೆ ತಿಂದು ಯಾರಾದ್ರೂ ಸಾಯ್ತಾರಾ?"

"ಸಾಯಲ್ಲ. ಆದ್ರೆ ಸಾಯ್ತಿದ್ದಾರೆ ಅನ್ನೋದು ನಮಗೆ ಗೊತ್ತಾಗಲ್ಲ."

ಸತ್ತವಳು ಸಂಗೀತದ ಟೀಚರ್. ಕೀಲುನೋವಿನ ಹೊಸ ಮದ್ದಿನ ಪ್ರಯೋಗಕ್ಕೆ ತಾನಾಗಿ ಹೆಸರು ಕೊಟ್ಟವಳು. ಆ ಮದ್ದು ಕೆಲವರ ಹೃದಯದ ಮೇಲೆ ಬೀಳಬಹುದೆಂಬ ಅನುಮಾನ ಮೊದಲೇ ಇದ್ದುದರಿಂದ ಪ್ರತಿ ವಾರ ಎಲ್ಲರ ರಕ್ತ ನೋಡುತ್ತಿದ್ದರು. ಅವಳ ರಕ್ತ ಪ್ರತಿ ವಾರವೂ ಶುದ್ಧ. ಹಾಗಿದ್ದವಳು ಹೋದ ವಾರ ಇದೇ ಆಸ್ಪತ್ರೆಯೊಳಗೆ ಕುಸಿದು ಸತ್ತಳು, ಶವಪರೀಕ್ಷೆಯಲ್ಲಿ ಹೃದಯದ ಸ್ನಾಯು ಬಹಳ ದಿನಗಳಿಂದ ಸವೆದುಹೋಗಿದ್ದು ಕಂಡಿತು. ಯಾರೋ ರಕ್ತ ಬದಲಿಸಿದ್ದಾರೆಂದು ಇನ್ಸ್‌ಪೆಕ್ಟರ್ ಬೆನ್ನುಹತ್ತಿದ್ದಳು. ಆ ರಕ್ತ ಟೀಚರದ್ದೇ ಎಂದು ನಿನ್ನೆ ಸಾಬೀತಾಗಿ ಅವಳ ಊಹೆ ನೆಲಕಚ್ಚಿತ್ತು.

"ಬಿಡಿಸಿ ಹೇಳಿ," ಎಂದಳು.

ಲ್ಯಾಬ್ ಮೇಡಂ ಹಿಂದಿದ್ದ ಯಂತ್ರದ ಮೇಲೆ ಕೈಯಿಟ್ಟರು. "ಹೃದಯಕ್ಕೆ ಪೆಟ್ಟಾದ್ರೆ ಅದರಿಂದ ಟ್ರೋಪೋನಿನ್ ಅಂತ ಒಂದು ಪ್ರೋಟೀನು ರಕ್ತಕ್ಕೆ ಸೋರುತ್ತೆ. ನಾವು ಹುಡುಕೋ ಗುರುತು ಅದೇ. ಈ ಯಂತ್ರದೊಳಗೆ ಸಣ್ಣಸಣ್ಣ ಮಣಿ ಇದಾವೆ, ಅವು ಆ ಗುರುತನ್ನ ಹಿಡಿದು ನಿಲ್ಲಿಸ್ಬೇಕು. ಹಿಡಿಯೋಕೆ ಅವು ಬಳಸೋ ಕೊಂಡಿ ಇದೆಯಲ್ಲ, ಅದು ಇದೇ ವಿಟಮಿನ್‌ನಿಂದ ಆಗಿರೋದು."

"ಅಂದ್ರೆ?"

"ರಕ್ತದಲ್ಲೇ ಆ ವಿಟಮಿನ್ ತುಂಬಿ ತುಳುಕ್ತಿದ್ರೆ ಮಣಿ ಮೇಲೆ ಅದೇ ಬಂದು ಕೂತ್ಕೊಂಡುಬಿಡುತ್ತೆ. ಬಸ್ಸಲ್ಲಿ ಎಲ್ಲ ಸೀಟಿಗೂ ಕರ್ಚೀಫ್ ಹಾಕಿಟ್ಟ ಹಾಗೆ. ಗುರುತಿಗೆ ಸೀಟೇ ಸಿಗಲ್ಲ. ಯಂತ್ರ ಏನೂ ಇಲ್ಲ ಅನ್ನುತ್ತೆ." ಅವರು ಒಂದು ವರದಿ ಮುಂದಿಟ್ಟರು. "ನಿನ್ನೆ ಅದೇ ರಕ್ತಾನ ಬೇರೆ ಥರದ ಯಂತ್ರಕ್ಕೆ ಕಳಿಸಿದೆ. ಗುರುತು ಬೇಕಾದಷ್ಟಿತ್ತು."

"ಬೇರೆ ಮಾತ್ರೆ ತಗೋತೀರಾ ಅಂತ ನೀವು ಅವರನ್ನ ಕೇಳಲ್ವಾ?"

"ಪ್ರತಿ ಸಲ ಕೇಳ್ತೀವಿ, ಬೇರೆ ಔಷಧಿ ಏನಾದ್ರೂ ಇದೆಯಾ ಅಂತ. ಇಲ್ಲ ಅಂತಾರೆ. ಕೂದಲಿಗೆ ನುಂಗೋದನ್ನ ಔಷಧಿ ಅಂತ ಯಾರು ಲೆಕ್ಕಕ್ಕೆ ಹಿಡೀತಾರೆ ಹೇಳಿ? ಈ ಮದ್ದಿಗೆ ಕೂದಲು ಉದುರುತ್ತೆ. ಉದುರಿದೋರು ತಗೊಂಡಿರ್ತಾರೆ." ಲ್ಯಾಬ್ ಮೇಡಂ ದನಿ ಇಳಿಸಿದರು. "ನನಗೆ ತಲೆ ಕೆಟ್ಟಿರೋದು ಅದಕ್ಕಲ್ಲ. ಈ ವಿಟಮಿನ್ ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲಲ್ಲ. ರಕ್ತ ಕೊಡೋ ದಿನ ಬೆಳಿಗ್ಗೇನೇ ನುಂಗಿರ್ಬೇಕು, ಅದೂ ಒಂದೆರಡಲ್ಲ. ಒಂದು ವಾರ ಹಾಗಾದ್ರೆ ಅಕಸ್ಮಾತ್ ಅನ್ನಬಹುದು. ಪ್ರತಿ ವಾರ ಅಂದ್ರೆ..."

"ಯಾರೋ ಹೇಳಿಕೊಟ್ಟಿದ್ದಾರೆ."

"ಈ ಯಂತ್ರದ ಹೊಟ್ಟೆಯೊಳಗೆ ಏನಿದೆ ಅಂತ ಗೊತ್ತಿರೋರು ಹೇಳಿಕೊಟ್ಟಿದ್ದಾರೆ."

ಇನ್ಸ್‌ಪೆಕ್ಟರ್ ಪಟ್ಟಿಯ ತುಂಡನ್ನು ಕವರಿಗೆ ಹಾಕಿ ಜೇಬಿಗಿಳಿಸಿದಳು. ಜೇಬು ಭಾರವಾದಂತಾಯಿತು.

*

ಪ್ರಯೋಗದ ಹೊಣೆ ಹೊತ್ತಿದ್ದ ದೊಡ್ಡ ಡಾಕ್ಟರ್ ಕುಳಿತೇ ಮಾತಾಡಿದರು, ಇವಳಿಗೆ ಕೂರಲು ಹೇಳಲಿಲ್ಲ. ಇವಳು ತಾನೇ ಕುರ್ಚಿ ಎಳೆದುಕೊಂಡು ಕೂತಳು.

"ಇವತ್ತು ಮಧ್ಯಾಹ್ನ ಎಲ್ಲರಿಗೂ ಜಾಸ್ತಿ ಡೋಸಿನ ಇಂಜೆಕ್ಷನ್ ಅಂತೆ. ನಿಲ್ಲಿಸಿ."

"ಯಾಕೆ?"

"ಅವರೆಲ್ಲರ ರಕ್ತ ಸುಳ್ಳು ಹೇಳ್ತಿದೆ."

"ಒಬ್ಬಳ ಪರ್ಸಲ್ಲಿ ಒಂದು ಚೂರು ತಗಡು ಸಿಕ್ತು ಅಂತ ಎಲ್ಲರ ರಕ್ತಾನೂ ಸುಳ್ಳು ಮಾಡ್ತೀರಾ?" ಡಾಕ್ಟರ್ ಕನ್ನಡಕ ತೆಗೆದರು. "ಹೋದ ವರ್ಷ ಚಮಚ ಹಿಡಿಯೋಕೆ ಆಗದೆ ಇನ್ನೊಬ್ಬರ ಕೈಲಿ ಉಣ್ತಿದ್ದ ಜನ ಇವರು. ಈಗ ಶರ್ಟಿನ ಗುಂಡಿ ತಾವೇ ಹಾಕ್ಕೋತಾರೆ. ಇವತ್ತು ಡೋಸ್ ತಪ್ಪಿದ್ರೆ ಇಷ್ಟು ದಿನದ ಕೆಲಸ ಮಣ್ಣುಪಾಲು, ಮದ್ದೂ ಮಣ್ಣುಪಾಲು. ನೀವು ಎಲ್ಲರನ್ನೂ ಕೇಳಿದ್ರಲ್ಲ, ಏನಂದ್ರು?"

ಕೇಳಿದ್ದಳು. ಲ್ಯಾಬಿನಿಂದ ಹೊರಬಂದೊಡನೆ ಒಬ್ಬಳನ್ನು ಬಿಟ್ಟು ಉಳಿದ ಒಬ್ಬೊಬ್ಬರಿಗೂ ಫೋನು ಮಾಡಿದ್ದಳು. ಎಲ್ಲರದೂ ಒಂದೇ ರಾಗ: ಕೂದಲ ಮಾತ್ರೆಯೇ? ಅದೇನು, ನಮಗೆ ಗೊತ್ತಿಲ್ಲವಲ್ಲ. ಬಾಯಿಗೆ ಬೀಗ ಜಡಿದುಕೊಂಡು ಕೂತಿದ್ದರು.

"ತೆಗೆದಿಟ್ಟ ರಕ್ತ ಇದೆಯಲ್ಲ, ಇನ್ನೊಂದು ಯಂತ್ರದಲ್ಲಿ ನೋಡಿಸಿ."

"ಟೀಚರದ್ದು ಪೊಲೀಸ್ ಕೇಸು, ಕೊಟ್ವಿ. ಉಳಿದವರದ್ದು ಹೊರಗೆ ಕಳಿಸೋಕೆ ಪ್ರಯೋಗದ ಸಮಿತಿ ಒಪ್ಪಬೇಕು. ಸಮಿತಿ ಕೂರೋದು ನಾಳೆ."

"ನಾಳೆ ಹೊತ್ತಿಗೆ ಸೂಜಿ ಚುಚ್ಚಿರ್ತೀರಿ."

ಡಾಕ್ಟರ್ ಕನ್ನಡಕ ಮತ್ತೆ ಹಾಕಿಕೊಂಡರು. "ನಾನು ಕಟುಕ ಅಲ್ಲ ಇನ್ಸ್‌ಪೆಕ್ಟರ್. ಬದುಕಿರೋ ಒಬ್ಬರನ್ನ, ಒಬ್ಬರೇ ಒಬ್ಬರನ್ನ ತೋರಿಸಿ. ಹೌದು, ನಾವೂ ನುಂಗಿದ್ವಿ, ಹಂಚಿದ್ವಿ ಅಂತ ಹೇಳೋರನ್ನ. ಕೈಲಿರೋ ಸೂಜಿ ಅಲ್ಲೇ ಕೆಳಗಿಡ್ತೀನಿ. ಹೆಸರು ಹೇಳಿ."

ಅವಳಿಗೆ ಹೆಸರು ಗೊತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ಮಧ್ಯಾಹ್ನ ಬರ್ತೀನಿ," ಎಂದು ಎದ್ದಳು.

*

ಅಕ್ಕನ ಅಂಗಡಿ ಒಂದು ಕೋಣೆ, ಒಂದು ಶಟರ್. ಒಳಗೆ ಹೊಲಿಗೆಯಂತ್ರ, ಇಸ್ತ್ರಿ ಮೇಜು, ಗೋಡೆಯುದ್ದಕ್ಕೂ ಹೊಲಿದು ತೂಗುಹಾಕಿದ ಶಾಲಾ ಸಮವಸ್ತ್ರಗಳು. ಹೋದ ವರ್ಷ ಆ ಯಂತ್ರಕ್ಕೆ ಬಟ್ಟೆ ಹೊದಿಸಿಟ್ಟಿದ್ದರು. ಆಗ ಅಕ್ಕನ ಬೆರಳುಗಳು ಶುಂಠಿಯ ಹಾಗೆ ಊದಿ ಸೊಟ್ಟಗಾಗಿ, ಸೂಜಿಗೆ ದಾರ ಪೋಣಿಸುವುದಿರಲಿ, ಬಾಗಿಲ ಚಿಲಕ ತೆಗೆಯಲೂ ಆಗುತ್ತಿರಲಿಲ್ಲ. ಪ್ರಯೋಗಕ್ಕೆ ಸೇರಿದ ಮೇಲೆ ಯಂತ್ರದ ಸದ್ದು ಮತ್ತೆ ಬೀದಿಗೆ ಕೇಳತೊಡಗಿತ್ತು.

ಜೀಪಿನಲ್ಲಿ ಚಾರ್ಜಿಗಿಟ್ಟ ಫೋನನ್ನು ಅಲ್ಲೇ ಬಿಟ್ಟು, ಹೆಡ್ ಕಾನ್‌ಸ್ಟೇಬಲ್‌ರನ್ನು ಟೀ ಕುಡಿದು ಬರಲು ಕಳಿಸಿ ಇನ್ಸ್‌ಪೆಕ್ಟರ್ ಒಬ್ಬಳೇ ಒಳಗೆ ಹೋದಳು.

"ಏನೇ ಮೊಂಡಿ, ದಾರಿ ತಪ್ಪಿ ಬಂದ್ಯಾ? ಆ ಪ್ಯಾಂಟು ಬಿಚ್ಚಿಕೊಡು, ಸೊಂಟ ಸಡಿಲ ಮಾಡ್ತೀನಿ. ಉಸಿರು ಬಿಗಿಹಿಡಿದು ನಿಂತಿದೀಯ."

ತಂಗಿ ಕವರನ್ನು ಯಂತ್ರದ ಹಲಗೆಯ ಮೇಲಿಟ್ಟಳು.

ಅಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. ಪೆಡಲ್ ಮೇಲಿನ ಕಾಲು ನಿಂತಿತು. ಆಮೇಲೆ ಮತ್ತೆ ಆಡಿತು. "ಏನದು?"

"ನಿನ್ನ ಕತ್ತರಿ ಎಲ್ಲಿ?"

"ನಾಲ್ಕು ಕತ್ತರಿ ಇದಾವೆ. ಯಾವುದು?"

"ಹಲ್ಲು ಮುರಿದದ್ದು."

"ಓಹೋ. ಅಪ್ಪ ಹೋದ ಮೇಲೆ ಚಾಡಿ ಹೇಳೋಕೆ ಇನ್ಯಾರನ್ನ ಹುಡುಕ್ಕೊಂಡಿದೀಯ?"

"ಅಕ್ಕ, ತಮಾಷೆ ಬೇಡ. ಟೀಚರಮ್ಮ ಸತ್ತಿದ್ದಾಳೆ."

"ನನಗೆ ಹೇಳ್ತೀಯಾ ಅದನ್ನ?" ಅಕ್ಕನ ದನಿ ಚಾಟಿಯಂತೆ ಬೀಸಿತು. "ಪ್ರತಿ ವಾರ ಪಕ್ಕಪಕ್ಕ ಕೂತು ರಕ್ತ ಕೊಟ್ಟೋರು ನಾವು. ನಿನಗೆ ಅವಳೊಂದು ಕೇಸು. ನನಗೆ ಗೆಳತಿ."

"ಗೆಳತಿಗೆ ಮಾತ್ರೆ ಕೊಟ್ಟೋಳು ನೀನು."

ಅಕ್ಕ ಯಂತ್ರ ನಿಲ್ಲಿಸಿ, ಹೊಲಿಯುತ್ತಿದ್ದ ಅಂಗಿಯ ದಾರವನ್ನು ಹಲ್ಲಿನಿಂದ ಕಡಿದು, ಅಂಗಿ ಮಡಿಸಿಟ್ಟು, ಕೈ ಕಟ್ಟಿ ಕೂತಳು.

"ಕೊಟ್ಟೆ. ಎಲ್ಲರಿಗೂ ಕೊಟ್ಟೆ. ಏನೀಗ?"

ಹೀಗೆ ಒಂದೇ ಏಟಿಗೆ ಒಪ್ಪಿಕೊಳ್ಳುತ್ತಾಳೆಂದು ತಂಗಿ ಎಣಿಸಿರಲಿಲ್ಲ. "ಕೂದಲಿಗೆ ಅಂತ ಕೊಟ್ಯಾ?"

"ಮೊದಮೊದಲು ಹಾಗೇ. ಆಮೇಲೆ ಒಂದಿನ ನನ್ನ ರಕ್ತದಲ್ಲಿ ಅದೇನೋ ಸ್ವಲ್ಪ ಏರಿದೆ, ಇನ್ನೊಂದು ಸಲ ಏರಿದ್ರೆ ಕೈಬಿಡ್ತೀವಿ ಅಂದ್ರು. ಮನೆಗೆ ಬಂದು ಈ ಯಂತ್ರದ ಮುಂದೆ ಕೂತು ಯೋಚನೆ ಮಾಡಿದೆ ಕಣೇ. ಮತ್ತೆ ಆ ಕೈ ಬೇಕಾ ನನಗೆ? ಬಚ್ಚಲಲ್ಲಿ ಚೊಂಬು ಎತ್ತೋಕಾಗದೆ ಸೊಸೇನ ಕೂಗಿ ನಿಲ್ಲೋ ಬದುಕು? ಅಷ್ಟರಲ್ಲಿ ಒಬ್ರು ಹೇಳಿದ್ರು, ಕೂದಲ ಮಾತ್ರೆ ಇದೆಯಲ್ಲ, ಪರೀಕ್ಷೆ ದಿನ ಬೆಳಿಗ್ಗೆ ಜಾಸ್ತಿ ನುಂಗಿ ಬನ್ನಿ, ಏರಲ್ಲ ಅಂತ. ನುಂಗಿದೆ. ಏರಲಿಲ್ಲ."

"ಏರಿತ್ತು. ಕಾಣಲಿಲ್ಲ ಅಷ್ಟೆ."

"ಎರಡೂ ಒಂದೇ."

"ಒಂದೇ ಅಂತೀಯಲ್ಲೇ! ಆ ಮದ್ದು ನಿನ್ನ ಎದೆ ತಿಂತಿದೆ!"

"ನನ್ನ ಎದೆ ತಾನೇ? ನಿನ್ನದಲ್ಲವಲ್ಲ." ಅಕ್ಕ ಎರಡೂ ಕೈ ಎತ್ತಿ ತಂಗಿಯ ಮುಖದ ಮುಂದೆ ಬೆರಳುಗಳನ್ನು ಮುಚ್ಚಿ ಬಿಚ್ಚಿ ತೋರಿಸಿದಳು. "ನೋಡು. ನೋಡೇ ಸರಿಯಾಗಿ. ಎದೆ ಗಟ್ಟಿಯಿದ್ದು ಕೈ ಸತ್ತ ಬದುಕು ನಾನು ಬದುಕಿ ನೋಡಿದೀನಿ. ನೀನು ನೋಡಿಲ್ಲ. ನೀನು ಹಣ್ಣು ತಂದು ಇಟ್ಟು ಹೋಗ್ತಿದ್ದೆ. ಅದನ್ನ ಹೆಚ್ಚಿಕೊಳ್ಳೋಕೂ ನನಗೆ ಆಗ್ತಿರಲಿಲ್ಲ."

ಇನ್ಸ್‌ಪೆಕ್ಟರ್ ಕವರನ್ನು ಮತ್ತೆ ಜೇಬಿಗೆ ಹಾಕಿಕೊಂಡಳು. 

"ಯಾರು ಹೇಳಿಕೊಟ್ಟಿದ್ದು?" ಎಂದು ಕೇಳಿದಳು.

"ಹೇಳಲ್ಲ."

"ಡಾಕ್ಟರಾ? ಲ್ಯಾಬ್ ಮೇಡಮ್ಮಾ? ನರ್ಸಾ?"

"ಆಸ್ಪತ್ರೆ ಗೋಡೆ. ಹೋಗಿ ಅದಕ್ಕೆ ಕೋಳ ಹಾಕು."

"ಅಕ್ಕ, ನಿನಗೆ ಇದನ್ನ ಹೇಳಿಕೊಟ್ಟೋರಿಗೆ ನಿನ್ನ ಕೈ ಮೇಲೆ ಕರುಣೆ ಇರಲಿಲ್ಲ. ಯಾರೂ ಕೈಬಿಟ್ಟು ಹೋಗದೆ, ಎಲ್ಲರ ರಕ್ತಾನೂ ಚೆನ್ನಾಗಿ ಕಂಡ್ರೆ ಮದ್ದು ಗೆಲ್ಲುತ್ತೆ. ಅಷ್ಟೇ ಅವರಿಗೆ ಬೇಕಾಗಿದ್ದು."

"ಬೇಕಾಗಿರ್ಲಿ. ನನಗೂ ಅದೇ ಬೇಕು."

"ಟೀಚರಮ್ಮನಿಗೂ ಅದೇ ಬೇಕಾಗಿತ್ತಾ?"

ಅಕ್ಕನ ಮುಖ ಮೊದಲ ಸಲ ಕದಡಿತು. ಮಡಿಸಿಟ್ಟ ಅಂಗಿಯನ್ನು ಬಿಚ್ಚಿ ಮತ್ತೆ ಮಡಿಸಿದಳು. "ಅವಳು ಹೆದರಿದ್ಳು. ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತೆ ಅಂತಿದ್ಳು. ಎಲ್ಲ ಹೇಳಿಬಿಡ್ತೀನಿ, ಹೇಳಿಕೊಟ್ಟೋರ ಹೆಸರೂ ಹೇಳ್ತೀನಿ ಅಂತಾನೇ ಆವತ್ತು ಆಸ್ಪತ್ರೆಗೆ ಹೋಗಿದ್ದು."

"ಯಾರಿಗೆ ಹೇಳೋಕೆ?"

ಅಕ್ಕ ಅಂಗಿಯನ್ನು ಪಕ್ಕಕ್ಕಿಟ್ಟಳು. ತಾನು ಆಡಿದ್ದು ಜಾಸ್ತಿಯಾಯಿತೆಂದು ಗೊತ್ತಾದವರ ಹಾಗೆ ಕಣ್ಣು ತಪ್ಪಿಸಿದಳು.

ತಂಗಿ ಮೊಣಕಾಲೂರಿ ಯಂತ್ರದ ಪಕ್ಕದಲ್ಲಿ ಕೂತಳು. "ಮಧ್ಯಾಹ್ನದ ಇಂಜೆಕ್ಷನ್ ಈವರೆಗಿನ ಡೋಸಿಗಿಂತ ಜಾಸ್ತಿ. ಅದನ್ನ ತಗೊಳ್ಳೋರಲ್ಲಿ ಎಷ್ಟು ಜನರ ಎದೆ ಸವೆದಿದೆಯೋ ಯಾರಿಗೂ ಗೊತ್ತಿಲ್ಲ. ನೀನು ಬಂದು ಒಂದು ಮಾತು ಹೇಳು ಅಕ್ಕ, ಡಾಕ್ಟರ್ ನಿಲ್ಲಿಸ್ತಾರೆ."

"ಹೇಳಲ್ಲ."

"ಹಾಗಾದ್ರೆ ನಾನು ಹೇಳ್ಬೇಕಾಗುತ್ತೆ."

ಅಕ್ಕ ಎದ್ದು ನಿಂತಳು. ಗಲ್ಲ ಮೇಲೆತ್ತಿ, ಇನ್ಸ್‌ಪೆಕ್ಟರ್ ಹೆಗಲ ಮೇಲಿನ ನಕ್ಷತ್ರಗಳನ್ನು ನೋಡಿ, ಆಮೇಲೆ ಕಣ್ಣಲ್ಲಿ ಕಣ್ಣಿಟ್ಟಳು. "ನನಗೆ ಕೊಟ್ಟ ಮಾತು ಒಂದಿದೆ."

"ಆಗ ನಾನು ಚಿಕ್ಕವಳು."

"ಮಾತೇನು ಚಿಕ್ಕದಾಗಿರಲಿಲ್ಲ. ನೀನು ನನಗೆ ಕೊಟ್ಟಿದ್ದು ಅದೊಂದೇ ಕಣೇ ಈವರೆಗೂ. ಹೇಳು ನೋಡೋಣ. ಹೇಳಿದ್ರೆ ನಾನು ನಿನಗೆ ಅಕ್ಕ ಅಲ್ಲ, ನೀನು ನನಗೆ ತಂಗಿ ಅಲ್ಲ."

ಅಕ್ಕ ಕೈಚೀಲ ತೆಗೆದುಕೊಂಡು ಹೊರಗೆ ಹೋದಳು. ಸಿಟ್ಟು ಇಳಿಸಿಕೊಳ್ಳಲು ಹೋದಳೆಂದು ತಂಗಿ ಅಂದುಕೊಂಡಳು. ಮರುಕ್ಷಣ ಶಟರ್ ದಡದಡನೆ ಕೆಳಗಿಳಿಯಿತು. ಬೀಗ ಕಟಕ್ಕೆಂದಿತು.

ಹೋದ ವರ್ಷ ಆ ಶಟರ್ ಎಳೆಯಲು ಅಕ್ಕ ಪಕ್ಕದ ಅಂಗಡಿಯವರನ್ನು ಕರೆಯುತ್ತಿದ್ದಳು.

"ಅಕ್ಕಾ! ತೆಗಿಯೇ!"

"ಸಮವಸ್ತ್ರಕ್ಕೆ ಗುಂಡಿ ಹಚ್ಚುತ್ತಿರು," ಎಂದಿತು ಹೊರಗಿನ ದನಿ. "ಸೂಜಿ ಡಬ್ಬಿಯಲ್ಲಿದೆ."

*

ಜ್ಯಾಕ್ ರಾಡಿನಿಂದ ಬೀಗ ಮುರಿಯುವಷ್ಟರಲ್ಲಿ ಹೆಡ್ ಕಾನ್‌ಸ್ಟೇಬಲ್ ಬೆವರಿ ನೀರಾಗಿದ್ದರು. "ಟೀ ಕುಡಿದು ಬರೋದ್ರೊಳಗೆ ಇನ್ಸ್‌ಪೆಕ್ಟರನ್ನೇ ಲಾಕಪ್ಪಿಗೆ ಹಾಕಿದಾರಲ್ಲ ಮೇಡಂ," ಎಂದು ಶುರುಮಾಡಿದವರು ಅವಳ ಮುಖ ನೋಡಿ ಸುಮ್ಮನೆ ಜೀಪು ಹತ್ತಿದರು.

ಆಸ್ಪತ್ರೆಯ ಆ ಉದ್ದನೆಯ ಕೋಣೆಯಲ್ಲಿ ಕುರ್ಚಿಗಳು ಸಾಲಾಗಿದ್ದವು. ಕುರ್ಚಿಗಳಲ್ಲಿ ಸೂಜಿಗೆಂದು ಬಟ್ಟೆಯ ತೋಳು ಮೇಲೆ ಮಡಚಿಕೊಂಡ ಜನ: ಒಬ್ಬ ನಿವೃತ್ತ ಡ್ರೈವರ್, ಒಬ್ಬ ಬಡಗಿ, ಮೊಮ್ಮಗಳ ಜಡೆ ಮತ್ತೆ ಹೆಣೆಯುವಂತಾದೆನೆಂದು ಎಲ್ಲರಿಗೂ ಹೇಳಿಕೊಂಡು ತಿರುಗುವ ಒಬ್ಬ ಅಜ್ಜಿ. ಒಬ್ಬರೂ ಇನ್ಸ್‌ಪೆಕ್ಟರ್ ಕಡೆ ನೋಡಲಿಲ್ಲ. ಬಾಗಿಲ ಪಕ್ಕದ ಕೊನೆಯ ಕುರ್ಚಿಯಲ್ಲಿದ್ದ ಅಕ್ಕ ಮಾತ್ರ ನೇರವಾಗಿ ನೋಡಿದಳು. ಅವಳ ರವಿಕೆಯ ತೋಳು ಮಡಚಿರಲಿಲ್ಲ.

ದೊಡ್ಡ ಡಾಕ್ಟರ್ ಡ್ರೈವರ್ ಎದುರು ನಿಂತಿದ್ದರು. ನರ್ಸ್ ಟ್ರೇ ಹಿಡಿದಿದ್ದಳು. ಗಾಜಿನ ಆಚೆ ಲ್ಯಾಬ್ ಮೇಡಂ ನಿಂತು ನೋಡುತ್ತಿದ್ದರು.

"ನಿಲ್ಲಿಸಿ," ಎಂದಳು ಇನ್ಸ್‌ಪೆಕ್ಟರ್.

"ಹೆಸರು?" ಎಂದರು ಡಾಕ್ಟರ್.

ಅಕ್ಕ ಕೂತಲ್ಲಿಂದಲೇ ತಲೆಯನ್ನು ಅತ್ತಿಂದಿತ್ತ ಆಡಿಸಿದಳು. ಸಣ್ಣಗೆ. ತಂಗಿಗೆ ಮಾತ್ರ ಕಾಣುವ ಹಾಗೆ.

ಡ್ರೈವರ್ ತೋಳಿಗೆ ಸ್ಪಿರಿಟ್ ಸವರಿಯಾಗಿತ್ತು. ಅವನು ಮುಖ ಅತ್ತ ತಿರುಗಿಸಿ ಕಣ್ಣು ಮುಚ್ಚಿದ್ದ.

"ನಮ್ಮ ಅಕ್ಕ," ಎಂದಳು ಇನ್ಸ್‌ಪೆಕ್ಟರ್. ದನಿ ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ಅಲ್ಲಿ ಕೂತಿದ್ದಾಳಲ್ಲ, ಟೈಲರ್, ನನ್ನ ಒಡಹುಟ್ಟಿದವಳು. ಮಾತ್ರೆ ತರಿಸಿದ್ದು ಅವಳು, ಕತ್ತರಿಸಿ ಹಂಚಿದ್ದು ಅವಳು. ಟೀಚರಿಗೂ ಅವಳೇ ಕೊಟ್ಟಿದ್ದು. ಇಲ್ಲಿ ಕೂತಿರೋ ಎಲ್ಲರಿಗೂ ಕೊಟ್ಟಿದ್ದಾಳೆ. ಕೇಳಿ."

 ಡಾಕ್ಟರ್ ಅಕ್ಕನ ಕಡೆ ತಿರುಗಿದರು. "ಹೌದೇನಮ್ಮ?"

ಅಕ್ಕ ನಿಧಾನವಾಗಿ ಎದ್ದಳು. "ಹೌದು."

ಅಷ್ಟು ಹೊತ್ತು ಕಲ್ಲಾಗಿದ್ದ ಸಾಲು ಕದಲಿತು. ಬಡಗಿ ತಲೆ ತಗ್ಗಿಸಿ, "ನಾನೂ ತಗೊಂಡೆ," ಎಂದ. ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಡ್ರೈವರ್ ಕಣ್ಣು ಬಿಟ್ಟು ತೋಳನ್ನು ಹಿಂದಕ್ಕೆಳೆದುಕೊಂಡ.

ಡಾಕ್ಟರ್ ಮಾತಿಗೆ ತಪ್ಪಲಿಲ್ಲ. ಸೂಜಿಯನ್ನು ಟ್ರೇಗೆ ಹಾಕಿದರು. "ಇವತ್ತು ಯಾರಿಗೂ ಇಲ್ಲ. ಮೊದಲು ನಿಮ್ಮ ರಕ್ತ ಬೇರೆ ಯಂತ್ರದಲ್ಲಿ ನೋಡ್ಬೇಕಮ್ಮ. ಬನ್ನಿ, ತೋಳು ಕೊಡಿ."

"ಕೊಡಲ್ಲ."

"ಅಮ್ಮ..."

"ಸೇರೋ ದಿನ ನೀವೇ ಓದಿ ಹೇಳಿದ್ರಿ ಡಾಕ್ಟ್ರೇ. ಯಾವಾಗ ಬೇಕಾದ್ರೂ ಬೇಡ ಅಂತ ಎದ್ದು ಹೋಗಬಹುದು, ಯಾರೂ ಕಾರಣ ಕೇಳೋ ಹಾಗಿಲ್ಲ ಅಂತ. ಎದ್ದಿದ್ದೀನಿ. ನನ್ನ ರಕ್ತ ಇನ್ನು ಯಾರಿಗೂ ಇಲ್ಲ."

ಇನ್ಸ್‌ಪೆಕ್ಟರ್ ಬಾಗಿಲಿಗೆ ಅಡ್ಡ ನಿಂತಳು. "ಹೇಳಿಕೊಟ್ಟೋರ ಹೆಸರು ಹೇಳಿ ಹೋಗು."

"ಹೇಳಲ್ಲ ಅಂತ ಅವರಿಗೆ ಮಾತು ಕೊಟ್ಟಿದ್ದೀನಿ." ಅಕ್ಕ ಅವಳ ಹೆಗಲನ್ನು ಎರಡು ಬೆರಳಿಂದ ಪಕ್ಕಕ್ಕೆ ಸರಿಸಿದಳು. ಆ ಬೆರಳುಗಳಲ್ಲಿ ಕಸುವಿತ್ತು. "ನಾನು ನಿನ್ನ ಹಾಗಲ್ಲ ಇನ್ಸ್‌ಪೆಕ್ಟ್ರೇ."

ಮೊಂಡಿ ಎನ್ನಲಿಲ್ಲ.

ಅಕ್ಕ ಕಾರಿಡಾರಿನ ತಿರುವಿನಲ್ಲಿ ಮರೆಯಾದ ಮೇಲೆ ನರ್ಸ್ ಬಾಯಿ ಬಿಟ್ಟಳು. ಅವಳು ಟ್ರೇ ಕೆಳಗಿಟ್ಟಳು.

"ಡಾಕ್ಟ್ರೇ, ನೀವು ಬರೋಕೆ ಮೊದಲೇ... ಬಸ್ಸಿಗೆ ಹೊತ್ತಾಗುತ್ತೆ, ನನಗೆ ಮೊದಲು ಹಾಕಿಬಿಡಿ ಅಂತ ಜಗಳ ಮಾಡಿದ್ರು. ಮೊದಲನೇ ಇಂಜೆಕ್ಷನ್ ಆ ಅಮ್ಮನಿಗೇ ಆಯ್ತು."

ಗಾಜಿನ ಆಚೆ ನಿಂತಿದ್ದ ಲ್ಯಾಬ್ ಮೇಡಂ ಈಗ ಅಲ್ಲಿರಲಿಲ್ಲ.

ಇನ್ಸ್‌ಪೆಕ್ಟರ್ ಅಕ್ಕ ಹೋದ ದಿಕ್ಕಿಗೆ ಕಾರಿಡಾರಿನಲ್ಲಿ ಓಡಿದಳು. ಅಕ್ಕನ ಮೇಲೆ ಚಾಡಿ ಹೇಳುವುದಿಲ್ಲವೆಂದು ಕೊಟ್ಟಿದ್ದ ಮಾತನ್ನು ಅವಳು ಆ ಮಧ್ಯಾಹ್ನ ಮುರಿದಿದ್ದಳು.